ಮುಚ್ಚಳ ಇಟ್ಟ ಮಾತ್ರಕ್ಕೆ ಪೈ ಆಗುವುದಿಲ್ಲ

ಪೈ ಎಂದರೇನು ಎಂದು ಇಂಗ್ಲೆಂಡಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಬರುವ ಉತ್ತರ ಬಹುಮಟ್ಟಿಗೆ ಒಂದೇ: ಒಳಗೆ ಹೂರಣ ಇರಬೇಕು, ಅದರ ಕೆಳಗೆ, ಸುತ್ತ, ಮೇಲೆ, ಎಲ್ಲ ಕಡೆಯೂ ಹಿಟ್ಟಿನ ಹೊದಿಕೆ ಇರಬೇಕು. ಒಂದು ಕಡೆ ಹೊದಿಕೆ ತಪ್ಪಿತೋ, ಅದು ಪೈ ಅಲ್ಲ. 2009ರಿಂದ ಮೆಲ್ಟನ್ ಮೋಬ್ರೆ ಪಟ್ಟಣದ ಸೇಂಟ್ ಮೇರೀಸ್ ಚರ್ಚಿನೊಳಗೆ ನಡೆದುಬಂದಿರುವ ಬ್ರಿಟಿಷ್ ಪೈ ಅವಾರ್ಡ್ಸ್ ಸ್ಪರ್ಧೆಯ ನಿಯಮವೂ ಇದೇ. ಹೂರಣವನ್ನು ಪೂರ್ತಿಯಾಗಿ ಮುಚ್ಚಿರದ ಪೈ ಅಲ್ಲಿನ ಮೇಜು ಹತ್ತುವುದಿಲ್ಲ. ಕೆಲವು ವರ್ಷಗಳ ಹಿಂದೆ ಬ್ರಿಟನ್ನಿನಲ್ಲಿ ಒಂದು ಮನವಿಯೂ ಎದ್ದಿತ್ತು. ಸ್ಟ್ಯೂ ಮೇಲೆ ಬರೀ ಒಂದು ಮುಚ್ಚಳ ಇಟ್ಟು ಅದನ್ನು ಪೈ ಎಂದು ಮಾರುವುದು ಅಪರಾಧವಾಗಬೇಕು ಎಂದು ಸಾವಿರಾರು ಮಂದಿ ಸಹಿ ಹಾಕಿದ್ದರು.

ಅವರ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿನಿಂದ ಅವರು ಮಾಡಿಕೊಂಡ ವ್ಯಾಖ್ಯೆ ಮಾತ್ರ ತಪ್ಪು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡದಿದ್ದರೆ ಪೈ ಎಂಬ ಇಡೀ ಅಡುಗೆಯೇ ನಮಗೆ ಅರ್ಥವಾಗದೆ ಹೋಗುತ್ತದೆ.

ಮೊದಲು ಸಿಟ್ಟಿನ ವಿಚಾರ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಚಿಕನ್ ಪಾಟ್ ಪೈ ತರಿಸಿಕೊಂಡಿದ್ದೆ. ಬಿಳಿ ಪಿಂಗಾಣಿ ಬಟ್ಟಲು, ಅದರ ಮೇಲೆ ಹೊಂಬಣ್ಣಕ್ಕೆ ಉಬ್ಬಿದ ಪಫ್‌ನ ದುಂಡು ಬಿಲ್ಲೆ. ನೋಡಲು ಚೆನ್ನಾಗಿಯೇ ಇತ್ತು. ಚಮಚ ತಾಗಿಸಿದ್ದೇ ತಡ, ಬಿಲ್ಲೆ ಇಡಿಯಾಗಿ ಜಾರಿ ತಟ್ಟೆಗೆ ಬಿತ್ತು. ಬಟ್ಟಲಿನ ಅಂಚಿಗೆ ಅದು ಎಲ್ಲೂ ಅಂಟಿಕೊಂಡಿರಲಿಲ್ಲ. ತಿರುಗಿಸಿ ನೋಡಿದರೆ ಅಡಿಭಾಗವೂ ಮೇಲ್ಭಾಗದಷ್ಟೇ ಒಣಗಿತ್ತು, ಗ್ರೇವಿಯ ಒಂದು ಕಲೆಯೂ ಇರಲಿಲ್ಲ. ಬಿಲ್ಲೆಯನ್ನು ಬೆಳಿಗ್ಗೆಯೇ ಬೇರೆ ಟ್ರೇನಲ್ಲಿ ಬೇಕ್ ಮಾಡಿಟ್ಟು, ಗಿರಾಕಿ ಬಂದಾಗ ಬಿಸಿ ಸ್ಟ್ಯೂ ಮೇಲೆ ಇಟ್ಟು ಕಳಿಸಿದ್ದರು. ಸ್ಟ್ಯೂ ರುಚಿಯಾಗಿತ್ತು, ಬಿಲ್ಲೆಯೂ ಗರಿಗರಿಯಾಗಿತ್ತು. ಆದರೆ ಒಂದನ್ನೊಂದು ಕಾಣದ ಎರಡು ತಿನಿಸುಗಳು ನನ್ನ ಮುಂದೆ ಇದ್ದವು. ಇಂಗ್ಲೆಂಡಿನ ಪಬ್‌ಗಳಲ್ಲಿ ಜನರನ್ನು ರೇಗಿಸುವುದೂ ಇದೇ ಕೆಲಸ.

ಈ ಮೋಸವನ್ನು ನೋಡಿದವರು ‘ಮುಚ್ಚಳ ಮಾತ್ರ ಇದೆ, ತಳ ಇಲ್ಲ, ಅದಕ್ಕೇ ಇದು ಪೈ ಅಲ್ಲ’ ಎಂದರು. ರೋಗ ಇರುವುದು ಅಲ್ಲಲ್ಲ. ತಳ ಇಲ್ಲದ್ದು ಇಲ್ಲಿನ ದೋಷವೇ ಅಲ್ಲ. ಹೊದಿಕೆ ಮತ್ತು ಹೂರಣ ಒಟ್ಟಿಗೆ ಬೆಂದಿಲ್ಲ, ದೋಷ ಅದು.

ನನ್ನ ವಾದ ಇಷ್ಟು. ಪೈಯನ್ನು ಪೈ ಮಾಡುವುದು ಅದರ ಆಕಾರವಲ್ಲ, ಒಲೆಯೊಳಗೆ ಅದಕ್ಕೆ ಆಗುವ ಕೆಲಸ. ಹಸಿ ಕಣಕ ಮತ್ತು ರಸವುಳ್ಳ ಹೂರಣ ಒಂದೇ ಬೆಂಕಿಗೆ ಒಟ್ಟಿಗೆ ಹೋಗಬೇಕು. ಹೂರಣದ ರಸ ಕಣಕಕ್ಕೆ ಇಳಿಯಬೇಕು, ಕಣಕ ಆ ರಸವನ್ನು ಹಿಡಿದು ನಿಲ್ಲಿಸಬೇಕು. ಹೊರಗೆ ಬರುವಾಗ ಇವೆರಡನ್ನೂ ಮತ್ತೆ ಬಿಡಿಸಲು ಬರಬಾರದು. ಜೊತೆಗೆ, ಹೊದಿಕೆ ಇರುವುದು ಹೂರಣಕ್ಕಾಗಿ ಎಂಬುದು ತಿನ್ನುವವರಿಗೆ ತಿಳಿಯುವಂತಿರಬೇಕು. ಈ ಎರಡು ಮಾತು ನಿಜವಾದರೆ ಅದು ಪೈ. ತಳ ಇದೆಯೋ ಇಲ್ಲವೋ, ಮೇಲೆ ಮುಚ್ಚಿದೆಯೋ ತೆರೆದಿದೆಯೋ, ಹೊದಿಕೆ ಗೋಧಿಯದೋ ಆಲೂಗಡ್ಡೆಯದೋ, ಇವೆಲ್ಲ ಆಮೇಲಿನ ಪ್ರಶ್ನೆಗಳು.

ಚೆನ್ನಾಗಿ ಬೆಂದ ಆ್ಯಪಲ್ ಪೈಯ ಒಂದು ತುಂಡನ್ನು ತಟ್ಟೆಯಲ್ಲಿ ಮಗ್ಗುಲಿಗೆ ಮಲಗಿಸಿ ಅದರ ತಳದ ಪದರವನ್ನು ನೋಡಿ. ದಪ್ಪ ಕಾಲು ಅಂಗುಲವೂ ಇಲ್ಲದ ಆ ಪದರದಲ್ಲಿ ಮೂರು ಬಗೆಯ ಪಾಕ ಕಾಣುತ್ತದೆ. ಪಾತ್ರೆಗೆ ತಾಗಿದ ಕೆಳಭಾಗ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿರುತ್ತದೆ. ನಡುವೆ ಹಾಳೆ ಹಾಳೆಯಾಗಿ ಬಿಡುವ ಭಾಗ. ಬೆಣ್ಣೆಯ ಸಣ್ಣ ಚೂರುಗಳು ಕರಗಿ, ಅದರಲ್ಲಿದ್ದ ನೀರು ಆವಿಯಾಗಿ ಕಣಕವನ್ನು ಎತ್ತಿದ್ದರಿಂದ ಆದದ್ದು. ಹಣ್ಣಿಗೆ ತಾಗಿದ ಮೇಲ್ಭಾಗ ಮಾತ್ರ ಗರಿಯಾಗಿರುವುದಿಲ್ಲ. ಅಲ್ಲಿ ಸೇಬಿನ ರಸ, ಸಕ್ಕರೆ, ದಾಲ್ಚಿನ್ನಿ ಇಳಿದು ಪಾಕ ಹೀರಿದ ತೆಳು ಗೆರೆಯೊಂದು ಮೂಡಿರುತ್ತದೆ. ಆ ಗೆರೆ ಹಿಟ್ಟೂ ಅಲ್ಲ, ಹಣ್ಣೂ ಅಲ್ಲ. ಬರೀ ಕಣಕ ಬೇಯಿಸಿದರೆ ಅದು ಹುಟ್ಟುವುದಿಲ್ಲ, ಬರೀ ಸೇಬು ಬೇಯಿಸಿದರೂ ಹುಟ್ಟುವುದಿಲ್ಲ. ಪೈ ತಿನ್ನುವ ಸುಖವೆಲ್ಲ ಇರುವುದು ಆ ಗೆರೆಯಲ್ಲಿ ಎಂದು ನಾನು ನಂಬಿದ್ದೇನೆ.

ಅದನ್ನು ಸರಿಯಾಗಿ ತರುವುದು ಸುಲಭದ ಕೆಲಸವಲ್ಲ. ಓವನ್ ಮೊದಲಿಗೇ ಚೆನ್ನಾಗಿ ಕಾದಿರದಿದ್ದರೆ ಕಣಕ ಗಟ್ಟಿಯಾಗುವ ಮೊದಲೇ ರಸ ಇಳಿದು ತಳ ಹಸಿ ಹಸಿ ಉಳಿಯುತ್ತದೆ. ರಸ ಕಡಿಮೆಯಾದರೆ ಹೂರಣ ಒಣಗುತ್ತದೆ. ಸೇಬು ಬೆಂದು ಕುಗ್ಗಿದಾಗ ಮೇಲಿನ ಹೊದಿಕೆ ಮತ್ತು ಹಣ್ಣಿನ ನಡುವೆ ಪೊಳ್ಳು ಉಳಿಯುತ್ತದೆ. ಅದಕ್ಕೇ ಬಲ್ಲವರು ಹೋಳುಗಳಿಗೆ ಸಕ್ಕರೆ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು, ಒಸರಿದ ರಸವನ್ನು ಬಸಿದು, ಅದನ್ನು ಕುದಿಸಿ ಗಟ್ಟಿ ಮಾಡಿ ಮತ್ತೆ ಹಣ್ಣಿಗೆ ಸೇರಿಸುತ್ತಾರೆ. ಮೇಲ್ಗಡೆ ಚಾಕುವಿನಿಂದ ಸೀಳು ಹಾಕುವುದು ಅಂದಕ್ಕಲ್ಲ, ಆವಿ ಹೋಗಲಿ ಎಂದು. ನಮ್ಮ ಮಾರುಕಟ್ಟೆಗೆ ಬರುವ ಸಿಹಿ ಸೇಬಿನಲ್ಲಿ ಮಾಡುವವರು ಒಂದು ನಿಂಬೆಹಣ್ಣು ಹಿಂಡಲೇಬೇಕು. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಬಳಸುವ ಬ್ರಾಮ್ಲಿ ಸೇಬು ಹುಳಿಯಾದದ್ದು, ಹಸಿಯಾಗಿ ತಿನ್ನಲು ಆಗದಷ್ಟು.

ಈ ಒಟ್ಟಿಗೆ ಬೇಯುವ ಮಾತು ನಾನು ಹೊಸದಾಗಿ ಕಟ್ಟಿದ್ದಲ್ಲ. ಕಾರ್ನಿಷ್ ಪೇಸ್ಟಿಗೆ ಯುರೋಪಿನ ಒಕ್ಕೂಟ 2011ರಲ್ಲಿ ಕಾನೂನಿನ ರಕ್ಷಣೆ ಕೊಟ್ಟಾಗ ಹಾಕಿದ ಷರತ್ತುಗಳನ್ನು ನೋಡಿ. ಅದು ಕೈಯಲ್ಲಿ ಹಿಡಿದು ತಿನ್ನುವ, ಅರ್ಧಚಂದ್ರದ ಆಕಾರದ ಪೈ. ಕಾರ್ನ್‌ವಾಲ್‌ನ ತವರದ ಗಣಿಗಳ ಕೆಲಸಗಾರರ ಬುತ್ತಿ. ಅಂಚನ್ನು ಮಗ್ಗುಲಲ್ಲಿ ಮಡಚಬೇಕು, ನೆತ್ತಿಯ ಮೇಲಲ್ಲ. ದನದ ಮಾಂಸ ಶೇ. 12.5ಕ್ಕಿಂತ ಕಡಿಮೆ ಇರಬಾರದು. ಇದೆಲ್ಲ ಆಕಾರ, ಅಳತೆಯ ಮಾತು. ಎಲ್ಲಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದಿದೆ: ಮಾಂಸ, ಆಲೂಗಡ್ಡೆ, ಸ್ವೀಡ್ ಗಡ್ಡೆ, ಈರುಳ್ಳಿ, ಎಲ್ಲವನ್ನೂ ಹಸಿಯಾಗಿಯೇ ಕಣಕದೊಳಗೆ ಇಟ್ಟು ನಿಧಾನವಾಗಿ ಬೇಯಿಸಬೇಕು. ಮೊದಲೇ ಬೇಯಿಸಿದ ಹೂರಣ ತುಂಬಿದರೆ ಕಾರ್ನಿಷ್ ಪೇಸ್ಟಿ ಎಂದು ಕರೆಯುವಂತಿಲ್ಲ. ಪೇಸ್ಟಿ ಮಾಡುವವರಿಗೆ ತಮ್ಮ ತಿಂಡಿಯ ಜೀವ ಎಲ್ಲಿದೆ ಎಂದು ಗೊತ್ತಿತ್ತು. ಅದನ್ನೇ ಕಾನೂನಿನ ಮಾತಿನಲ್ಲಿ ಬರೆಸಿದರು.

ಮೆಲ್ಟನ್ ಮೋಬ್ರೆಯ ಹಂದಿಮಾಂಸದ ಪೈಯೂ ಹೀಗೆಯೇ. ಹಂದಿ ಕೊಬ್ಬನ್ನು ನೀರಿನಲ್ಲಿ ಕುದಿಸಿ, ಬಿಸಿ ಬಿಸಿಯಾಗಿಯೇ ಹಿಟ್ಟಿಗೆ ಸುರಿದು ನಾದುತ್ತಾರೆ. ಕಣಕ ಬೆಚ್ಚಗಿರುವಾಗಲೇ ಮರದ ಅಚ್ಚಿನ ಸುತ್ತ ಕೈಯಿಂದ ಮೇಲಕ್ಕೆಳೆದು ಗೋಡೆ ಕಟ್ಟುತ್ತಾರೆ. ಉಪ್ಪು, ಮೆಣಸು ಬೆರೆಸಿದ ಹಸಿ ಮಾಂಸ ತುಂಬಿ, ಮುಚ್ಚಿ, ನಡುವೆ ರಂಧ್ರ ಬಿಟ್ಟು, ಆಸರೆಗೆ ಯಾವ ತವರದ ಅಚ್ಚೂ ಇಲ್ಲದೆ ಬೇಕ್ ಮಾಡುತ್ತಾರೆ. ಹಾಗಾಗಿ ಅದರ ಪಕ್ಕಗಳು ಹೊರಕ್ಕೆ ಬಾಗುತ್ತವೆ. ಆ ಬಾಗು ಅದರ ಗುರುತು. ಬೆಂದ ಮೇಲೆ ಮಾಂಸ ಕುಗ್ಗಿ ಉಳಿದ ಜಾಗಕ್ಕೆ ರಂಧ್ರದ ಮೂಲಕ ಎಲುಬಿನ ಸಾರು ಹೊಯ್ಯುತ್ತಾರೆ. ಅದು ತಣಿದು ಹೆಪ್ಪುಗಟ್ಟಿ ಗಾಳಿ ಸೇರದಂತೆ ತಡೆಯುತ್ತದೆ. ಇಲ್ಲಿ ಹೊದಿಕೆ ಸುತ್ತಲೂ ಇರುವುದಕ್ಕೆ ಒಂದು ಕಾರಣವಿದೆ. ಮಾಂಸ ಹಲವು ದಿನ ಕೆಡದೆ ಉಳಿಯಬೇಕು, ಕೈಯಲ್ಲಿ ಹಿಡಿದು ದೂರ ಒಯ್ಯಲು ಬರಬೇಕು. ಈ ಒಂದು ಬಗೆಯ ಪೈಗೆ ಸರಿಯಾದ ನಿಯಮವನ್ನು ಎಲ್ಲ ಪೈಗಳಿಗೂ ಹೇರಿದ್ದೇ ಇವತ್ತಿನ ಗೊಂದಲದ ಮೂಲ.

‘ಪೂರ್ತಿ ಮುಚ್ಚಿದ್ದೇ ಪರಂಪರೆ’ ಎನ್ನುವವರು ಇಸಬೆಲಾ ಬೀಟನ್ 1861ರಲ್ಲಿ ಪ್ರಕಟಿಸಿದ ಗೃಹಕೃತ್ಯದ ಹೊತ್ತಗೆಯನ್ನು ತೆಗೆದು ನೋಡಬೇಕು. ವಿಕ್ಟೋರಿಯಾ ಕಾಲದ ಮನೆಮನೆಯಲ್ಲಿದ್ದ ಪುಸ್ತಕ ಅದು. ಬೀಫ್‌ಸ್ಟೇಕ್ ಪೈಗೂ ಸೇಬಿನ ಪೈಗೂ ಆಕೆ ಹೇಳುವ ವಿಧಾನ ಹೆಚ್ಚುಕಡಿಮೆ ಒಂದೇ: ಆಳವಾದ ಪಾತ್ರೆಯ ಅಂಚಿಗೆ ಕಣಕದ ಪಟ್ಟಿ ಅಂಟಿಸಿ, ಹೂರಣ ತುಂಬಿ, ಮೇಲೆ ಕಣಕ ಹೊದಿಸಿ ಬೇಕ್ ಮಾಡುವುದು. ತಳಕ್ಕೆ ಹಿಟ್ಟಿಲ್ಲ. ಆ ಕಾಲದ ಅಗಲ ಅಂಚಿನ ಪೈ ಪಾತ್ರೆಗಳು, ಹೊದಿಕೆ ಕುಸಿಯದಂತೆ ನಡುವೆ ಇಡುತ್ತಿದ್ದ ಪಿಂಗಾಣಿಯ ಪುಟ್ಟ ಕೊಳವೆ, ಇವೆಲ್ಲ ಮುಚ್ಚಳದ ಪೈಗಾಗಿಯೇ ಹುಟ್ಟಿದ ಸಾಮಾನುಗಳು. ಇಂಗ್ಲೆಂಡಿನ ಅಜ್ಜಿಯರು ಭಾನುವಾರ ಮಾಡಿ ಬಡಿಸುತ್ತಿದ್ದ ಪೈಯನ್ನು ಅವರ ಮೊಮ್ಮಕ್ಕಳು ಇವತ್ತು ಪೈ ಅಲ್ಲ ಎನ್ನುತ್ತಿದ್ದಾರೆ. ಆ ಮುಚ್ಚಳ ಹಸಿಯಾಗಿ ಪಾತ್ರೆಗೆ ಅಂಟಿ, ಗ್ರೇವಿಯ ಆವಿಯಲ್ಲಿ ಬೆಂದು, ಒಳಮೈಯಲ್ಲಿ ಮಾಂಸದ ಸಾರು ಹೀರಿ ಮೆತ್ತಗಾಗಿ, ಹೊರಮೈಯಲ್ಲಿ ಗರಿಯಾಗುತ್ತಿತ್ತು. ಪಬ್ಬಿನ ಒಣ ಬಿಲ್ಲೆಗೂ ಇದಕ್ಕೂ ಆಕಾರ ಒಂದೇ, ಅಡುಗೆ ಮಾತ್ರ ಪೂರ್ತಿ ಬೇರೆ. ಆಕಾರ ನೋಡಿ ತೀರ್ಪು ಕೊಡುವ ನಿಯಮ ಕಳ್ಳನ ಜೊತೆಗೆ ಅಜ್ಜಿಯನ್ನೂ ಹೊರಗೆ ಕಳಿಸುತ್ತದೆ.

ನನಗೆ ಇದಕ್ಕಿಂತ ಹೆಚ್ಚು ನೋವು ತರುವುದು ಆಲೂಗಡ್ಡೆ ಹೊದಿಸಿದ ಪೈಗಳ ಬಗ್ಗೆ ಇರುವ ಅಸಡ್ಡೆ. ಕುರಿ ಖೀಮಾ ಇದ್ದರೆ ಶೆಫರ್ಡ್ಸ್ ಪೈ, ದನದ್ದಾದರೆ ಕಾಟೇಜ್ ಪೈ. ಇವು ‘ಹೆಸರಿಗೆ ಮಾತ್ರ ಪೈ’ ಎಂಬುದು ಎಲ್ಲರೂ ತಲೆಯಾಡಿಸುವ ಮಾತಾಗಿಬಿಟ್ಟಿದೆ. ಕಾಟೇಜ್ ಪೈ ಎಂಬ ಹೆಸರು 1791ರಲ್ಲೇ ಬರವಣಿಗೆಯಲ್ಲಿ ಸಿಗುತ್ತದೆ. ಗೋಧಿ ಮತ್ತು ಕೊಬ್ಬು ಎರಡೂ ತುಟ್ಟಿಯಾಗಿದ್ದ ಮನೆಗಳಿಗೆ ಆಲೂಗಡ್ಡೆಯೇ ಹೊದಿಕೆಯಾಯಿತು. ಭಾನುವಾರದ ಹುರಿದ ಮಾಂಸದಲ್ಲಿ ಉಳಿದದ್ದನ್ನು ಸಣ್ಣಗೆ ಕೊಚ್ಚಿ, ಸಾರು ಸೇರಿಸಿ, ಮೇಲೆ ಮಸೆದ ಆಲೂಗಡ್ಡೆ ಹರಡಿ, ಮುಳ್ಳುಚಮಚದಲ್ಲಿ ಗೀರು ಎಳೆದು ಒಲೆಗೆ ಇಟ್ಟರು. ಗೀರುಗಳ ತುದಿ ಕಂದಾಗುತ್ತದೆ. ಅಂಚಿನಲ್ಲಿ ಸಾರು ಕುದಿದು ಮೇಲೆ ಬಂದು ಆಲೂಗಡ್ಡೆಯ ಜೊತೆ ಸೇರಿ ಅಂಟಂಟಾಗಿ ಕಚ್ಚಿಕೊಳ್ಳುತ್ತದೆ. ಮನೆಯ ಮಕ್ಕಳು ಜಗಳವಾಡುವುದು ಆ ಅಂಚಿಗಾಗಿ. ಕಣಕದ ಪೈಯಲ್ಲಿ ಆಗುವ ಕೆಲಸವೆಲ್ಲ ಇಲ್ಲೂ ಆಗಿದೆ. ಆಲೂಗಡ್ಡೆಯನ್ನು ಬೇರೆ ಬಟ್ಟಲಲ್ಲೂ ಖೀಮಾವನ್ನು ಬೇರೆ ಬಟ್ಟಲಲ್ಲೂ ಬಡಿಸಿದರೆ ಇದು ಸಿಗುವುದಿಲ್ಲ.

1941ರಲ್ಲಿ, ಯುದ್ಧದ ರೇಷನ್ ದಿನಗಳಲ್ಲಿ, ಲಂಡನ್ನಿನ ಸವಾಯ್ ಹೋಟೆಲಿನ ಮುಖ್ಯ ಬಾಣಸಿಗ ಫ್ರಾನ್ಸ್ವಾ ಲಾತ್ರಿ ರೂಪಿಸಿದ ಒಂದು ಪೈಗೆ ಆಹಾರ ಮಂತ್ರಿ ಲಾರ್ಡ್ ವುಲ್ಟನ್ ಹೆಸರು ಬಂತು. ಮಾಂಸ ಇಲ್ಲ. ಆಲೂಗಡ್ಡೆ, ಕ್ಯಾರೆಟ್, ಸ್ವೀಡ್, ಹೂಕೋಸು, ಈರುಳ್ಳಿ ಸೊಪ್ಪು, ಗಟ್ಟಿಯಾಗಲು ಒಂದಿಷ್ಟು ಓಟ್ಸ್. ಮೇಲೆ ಆಲೂಗಡ್ಡೆಯ ಅಥವಾ ತೌಡು ಸೇರಿದ ಗೋಧಿಹಿಟ್ಟಿನ ಹೊದಿಕೆ. ಬೆಣ್ಣೆ, ಕೊಬ್ಬು ಅಳತೆಯ ಮೇಲೆ ಸಿಗುತ್ತಿದ್ದ ಕಾಲದಲ್ಲಿ ತಳ, ಪಕ್ಕ, ಮೇಲು ಮೂರಕ್ಕೂ ಹೊದಿಕೆ ಹಾಕಿ ಎಂದು ಯಾರು ಯಾರಿಗೆ ಹೇಳಬಹುದಿತ್ತು? ಬಹಳ ಮಂದಿಗೆ ಅದರ ರುಚಿ ಹಿಡಿಸಲಿಲ್ಲ ಎಂಬುದು ನಿಜ. ಆದರೆ ರುಚಿಯಿಲ್ಲದ ಪೈಯೂ ಪೈಯೇ. ಪೂರ್ತಿ ಮುಚ್ಚಬೇಕೆಂಬ ನಿಯಮದ ಹಿಂದೆ, ಹೇಳುವವರಿಗೆ ಗೊತ್ತಿಲ್ಲದೆಯೇ, ಹಿಟ್ಟು ಮತ್ತು ಕೊಬ್ಬು ಧಾರಾಳವಾಗಿದ್ದ ಮನೆಯ ಅಹಂಕಾರ ಇದೆ. ಹಂದಿ ಸಾಕುವ ಊರಿನಲ್ಲಿ ಹಂದಿ ಕೊಬ್ಬಿನ ಕಣಕ ಬಂತು, ಹೈನು ಇರುವ ಊರಿನಲ್ಲಿ ಬೆಣ್ಣೆಯದು ಬಂತು, ಎರಡೂ ಇಲ್ಲದ ಕಡೆ ಗಡ್ಡೆಯೇ ಬಂತು. ಪೈಯ ಚರಿತ್ರೆ ಎಂದರೆ ಇದು.

ಇನ್ನು ತೆರೆದ ಪೈಗಳು. ಮೇಲೆ ಮುಚ್ಚದಿದ್ದರೆ ಅದು ಟಾರ್ಟ್, ಪೈ ಅಲ್ಲ ಎಂಬುದು ಇಂಗ್ಲೆಂಡಿನ ಇನ್ನೊಂದು ನಂಬಿಕೆ. ಅಮೆರಿಕದ ಕುಂಬಳಕಾಯಿ ಪೈಯನ್ನು ಇವರು ಹೀಗೆಯೇ ತಳ್ಳಿಹಾಕುತ್ತಾರೆ. ಹಸಿ ಕಣಕ ಹಾಸಿದ ತಟ್ಟೆಗೆ ಕುಂಬಳಕಾಯಿಯ ತಿರುಳು, ಹಾಲು, ಮೊಟ್ಟೆ, ಸಕ್ಕರೆ, ಶುಂಠಿ ಕಲಸಿದ ತೆಳು ಮಿಶ್ರಣ ಹೊಯ್ಯುತ್ತಾರೆ. ಒಲೆಯೊಳಗೆ ಮೊಟ್ಟೆ ಗಟ್ಟಿಯಾಗುತ್ತಾ ಹೋದಂತೆ ಆ ದ್ರವ ಕಣಕವನ್ನು ಹಿಡಿದುಕೊಂಡೇ ನಿಲ್ಲುತ್ತದೆ. ನನ್ನ ಲೆಕ್ಕದಲ್ಲಿ ಇದು ನಿಸ್ಸಂಶಯವಾಗಿ ಪೈ. ಅಮೆಲಿಯಾ ಸಿಮ್ಮನ್ಸ್ 1796ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅಚ್ಚು ಹಾಕಿಸಿದ ‘ಅಮೆರಿಕನ್ ಕುಕರಿ’ಯಲ್ಲಿ ಇದೇ ತಿನಿಸು ಪುಡಿಂಗ್‌ಗಳ ಸಾಲಿನಲ್ಲಿದೆ. ಹೆಸರು ಮುಂದೆ ಬದಲಾಯಿತು, ಒಲೆಯ ಕೆಲಸ ಬದಲಾಗಲಿಲ್ಲ. ಇದಕ್ಕೆ ಎದುರಾಗಿ ಫ್ರೆಂಚ್ ಬೇಕರಿಗಳ ಸ್ಟ್ರಾಬೆರಿ ಟಾರ್ಟ್ ನೋಡಿ: ಖಾಲಿ ಕಣಕವನ್ನು ಒಣ ಬೀನ್ಸ್‌ನ ಭಾರ ಹಾಕಿ ಮೊದಲೇ ಬೇಯಿಸಿ, ಆರಿಸಿ, ತಣ್ಣಗಿನ ಕಸ್ಟರ್ಡ್ ತುಂಬಿ, ಮೇಲೆ ಹಸಿ ಹಣ್ಣು ಜೋಡಿಸುತ್ತಾರೆ. ಬಹಳ ಸೊಗಸಾದ ತಿನಿಸು. ಪೈ ಅಲ್ಲ. ಕುಂಬಳಕಾಯಿ ಪೈ, ಸ್ಟ್ರಾಬೆರಿ ಟಾರ್ಟ್ ಎರಡೂ ತೆರೆದವೇ. ಒಲೆಗೆ ಹೋದ ರೀತಿ ಮಾತ್ರ ಬೇರೆ.

ಈ ಅಳತೆಗೋಲು ಹಿಡಿದಾಗ ನನಗೆ ಪ್ರಿಯವಾದ ಕೆಲವನ್ನು ಬಿಟ್ಟುಕೊಡಬೇಕಾಗುತ್ತದೆ. ಬನಾಫಿ ಪೈ 1970ರ ದಶಕದ ಆರಂಭದಲ್ಲಿ ಸಸೆಕ್ಸ್‌ನ ಜೆವಿಂಗ್ಟನ್ ಹಳ್ಳಿಯ ಹಂಗ್ರಿ ಮಾಂಕ್ ರೆಸ್ಟೋರೆಂಟಿನಲ್ಲಿ ಹುಟ್ಟಿದ್ದು. ಮಿಲ್ಕ್‌ಮೇಡ್‌ನಂಥ ಗಟ್ಟಿ ಹಾಲನ್ನು ಡಬ್ಬಿಯಲ್ಲೇ ಗಂಟೆಗಟ್ಟಲೆ ಕುದಿಸಿ ಟಾಫಿ ಮಾಡಿ, ಮೊದಲೇ ಬೆಂದ ತಳದ ಮೇಲೆ ಹರಡಿ, ಬಾಳೆಹಣ್ಣು, ಕ್ರೀಮ್ ಹಾಕುವುದು. ಸಿಕ್ಕರೆ ಬಿಡುವವನು ನಾನಲ್ಲ. ಆದರೆ ಹೂರಣ ಬೆಂಕಿ ಕಂಡದ್ದು ಒಂದು ಕಡೆ, ತಳ ಕಂಡದ್ದು ಇನ್ನೊಂದು ಕಡೆ. ಬಾಸ್ಟನ್ ಕ್ರೀಮ್ ಪೈಯಂತೂ ಶುದ್ಧ ಕೇಕ್: ಎರಡು ಸ್ಪಂಜಿನ ನಡುವೆ ಕಸ್ಟರ್ಡ್, ಮೇಲೆ ಚಾಕೊಲೇಟ್. ಬಾಸ್ಟನ್ನಿನ ಪಾರ್ಕರ್ ಹೌಸ್ ಹೋಟೆಲು ಅದು ತನ್ನದೇ ಸೃಷ್ಟಿ ಎನ್ನುತ್ತದೆ, ಮ್ಯಾಸಚೂಸೆಟ್ಸ್ ರಾಜ್ಯ 1996ರಲ್ಲಿ ಅದನ್ನು ತನ್ನ ಅಧಿಕೃತ ಸಿಹಿಯನ್ನಾಗಿ ಮಾಡಿಕೊಂಡಿದೆ. ಗೌರವ ಸಲ್ಲಲಿ, ಪೈ ಪಟ್ಟ ಮಾತ್ರ ಬೇಡ.

ಕೀ ಲೈಮ್ ಪೈ ಸ್ವಲ್ಪ ಕಷ್ಟದ ಪ್ರಶ್ನೆ. ಫ್ಲಾರಿಡಾದ ತುದಿಯ ದ್ವೀಪಗಳಲ್ಲಿ, ರೆಫ್ರಿಜರೇಟರ್ ಇಲ್ಲದ, ತಾಜಾ ಹಾಲು ಸಿಗದ ಕಾಲದಲ್ಲಿ ಡಬ್ಬಿ ಹಾಲು, ಮೊಟ್ಟೆಯ ಹಳದಿ, ಪುಟ್ಟ ಲಿಂಬೆಯ ರಸ ಇಷ್ಟರಿಂದ ಆದ ಹೂರಣ ಅದು. ಹುಳಿಯೇ ಹಾಲಿನ ಪ್ರೋಟೀನನ್ನು ಗಟ್ಟಿಯಾಗಿಸುವುದರಿಂದ ಬೆಂಕಿಯೇ ಬೇಕಾಗಿಲ್ಲ. ಹಾಗೆ ಹಸಿಯಾಗಿ ಹೆಪ್ಪುಗಟ್ಟಿಸಿದ್ದನ್ನು ನಾನು ಪೈ ಎನ್ನಲಾರೆ. ಹೂರಣವನ್ನು ತಳದೊಂದಿಗೆ ಹದಿನೈದು ನಿಮಿಷವಾದರೂ ಓವನ್‌ಗೆ ಇಟ್ಟದ್ದನ್ನು ಎನ್ನುತ್ತೇನೆ. ಫ್ಲಾರಿಡಾ 2006ರಲ್ಲೇ ಅದನ್ನು ರಾಜ್ಯದ ಅಧಿಕೃತ ಪೈ ಎಂದು ಘೋಷಿಸಿದೆ. ಅಲ್ಲಿನವರು ನನ್ನ ಮಾತನ್ನು ಒಪ್ಪಲಾರರು, ಆದರೂ ನನ್ನ ನಿಲುವು ಇದೇ.

ನ್ಯೂಯಾರ್ಕಿನವರು ಪಿಟ್ಸಾವನ್ನೂ ಪೈ ಎನ್ನುತ್ತಾರಲ್ಲ, ಅದೂ ಒಟ್ಟಿಗೇ ಬೇಯುತ್ತದಲ್ಲ ಎಂದು ಕೇಳಬಹುದು. ಇಲ್ಲಿ ನನ್ನ ಎರಡನೆಯ ಮಾತು ಬರುತ್ತದೆ. ಪಿಟ್ಸಾ ಮಾಡುವವನ ಹೆಸರು ನಿಲ್ಲುವುದು ಹುದುಗಿದ ಹಿಟ್ಟಿನ ಮೇಲೆ. ಟೊಮೆಟೊ, ಚೀಸ್ ಆ ರೊಟ್ಟಿಗಾಗಿ ಇವೆ, ರೊಟ್ಟಿ ಅವಕ್ಕಾಗಿ ಇಲ್ಲ. ಪೈಯಲ್ಲಿ ಹೂರಣ ಮೊದಲು.

ಅಮೆರಿಕದವರ ತಪ್ಪು ನಂಬಿಕೆ ಬೇರೆಯೇ. ಪೈ ಎಂದರೆ ಸಿಹಿ, ಅದರಲ್ಲೂ ಸೇಬಿನದು, ಅದರಲ್ಲೂ ತಮ್ಮದು. ಸೇಬು ಮಧ್ಯ ಏಷ್ಯಾದ ತಿಯಾನ್ ಶಾನ್ ಬೆಟ್ಟಗಳ ಹಣ್ಣು. ಸೇಬು, ಅಂಜೂರ, ದ್ರಾಕ್ಷಿ, ಪಿಯರ್ ಹಣ್ಣು, ಕೇಸರಿ ಸೇರಿಸಿ ಕಣಕದೊಳಗೆ ಬೇಯಿಸುವ ವಿಧಾನ 14ನೇ ಶತಮಾನದ ಕೊನೆಯ ಇಂಗ್ಲಿಷ್ ಅಡುಗೆಯ ಹಸ್ತಪ್ರತಿಯಲ್ಲೇ ಇದೆ. ವರ್ಮಾಂಟ್ ರಾಜ್ಯ 1999ರಲ್ಲಿ ಆ್ಯಪಲ್ ಪೈಯನ್ನು ತನ್ನದಾಗಿಸಿಕೊಂಡಾಗ, ಬಡಿಸುವಾಗ ಜೊತೆಗೆ ಒಂದು ಲೋಟ ತಣ್ಣನೆಯ ಹಾಲು, ಅಥವಾ ಕನಿಷ್ಠ ಅರ್ಧ ಔನ್ಸ್ ಚೆಡ್ಡಾರ್ ಚೀಸ್, ಅಥವಾ ದೊಡ್ಡ ಉಂಡೆ ವೆನಿಲಾ ಐಸ್‌ಕ್ರೀಮ್ ಕೊಡಲು ಪ್ರಾಮಾಣಿಕ ಪ್ರಯತ್ನ ಮಾಡಬೇಕು ಎಂದು ಕಾನೂನಿನಲ್ಲೇ ಬರೆಯಿತು. ಫ್ರೋಜನ್ ಚೆರ್ರಿ ಪೈಗೆ ಮಾತ್ರ ಕೇಂದ್ರ ಸರ್ಕಾರದ ಆಹಾರ ಇಲಾಖೆಯ ನಿಯಮ ದಶಕಗಳ ಕಾಲ ಇತ್ತು: ತೂಕದಲ್ಲಿ ಶೇ. 25ರಷ್ಟು ಚೆರ್ರಿ ಇರಬೇಕು, ಅದರಲ್ಲಿ ಶೇ. 15ಕ್ಕಿಂತ ಹೆಚ್ಚು ಕಲೆ ಬಿದ್ದಿರಬಾರದು. ಸೇಬಿಗಾಗಲೀ ಬ್ಲೂಬೆರಿಗಾಗಲೀ ಇಂಥ ನಿಯಮ ಇರಲಿಲ್ಲ. 2024ರಲ್ಲಿ ಅದನ್ನೂ ತೆಗೆದುಹಾಕಿದರು. ಸರ್ಕಾರ ಹಣ್ಣು ಎಣಿಸಬಲ್ಲದು. ಹಣ್ಣಿನ ರಸ ತಳಕ್ಕೆ ಇಳಿದಿದೆಯೇ ಎಂದು ನೋಡುವುದು ತಿನ್ನುವವರ ಕೆಲಸವಾಗಿಯೇ ಉಳಿಯುತ್ತದೆ.

ಪೈ ನಮಗೆ ಸಂಬಂಧವಿಲ್ಲದ್ದು ಎಂದುಕೊಂಡವರು ಹತ್ತಿರದ ಅಯ್ಯಂಗಾರ್ ಬೇಕರಿಗೆ ಹೋಗಿ ದಿಲ್‌ಪಸಂದ್ ಕೇಳಲಿ. ಹಾಸನದ ಕಡೆಯ ಅಯ್ಯಂಗಾರ್ ಮನೆತನಗಳು ಬೆಂಗಳೂರಿಗೆ ಬಂದು, ಬ್ರಿಟಿಷರ ಬೇಕರಿ ವಿದ್ಯೆ ಕಲಿತು, ಅದಕ್ಕೆ ನಮ್ಮ ತೆಂಗಿನಕಾಯಿ ತುಂಬಿದ ಫಲ ಅದು. ಮೈದಾದ ಎರಡು ದೊಡ್ಡ ದುಂಡು ಹಾಳೆ, ನಡುವೆ ಕಾಯಿತುರಿ, ಸಕ್ಕರೆ, ಏಲಕ್ಕಿ, ಕೆಂಪು ಹಸಿರು ಟೂಟಿಫ್ರೂಟಿ. ಅಂಚು ಒತ್ತಿ, ಇಡಿಯಾಗಿ ಬೇಕ್ ಮಾಡಿ, ತ್ರಿಕೋನವಾಗಿ ಕತ್ತರಿಸಿ, ಕಾಗದದಲ್ಲಿಟ್ಟು ಕೊಡುತ್ತಾರೆ. ಬಿಸಿಗೆ ಸಕ್ಕರೆ ಕರಗಿ, ಕಾಯಿ ಎಣ್ಣೆ ಬಿಟ್ಟು, ಕೆಳಗಿನ ಹಾಳೆಯ ಒಳಮೈ ಪಾಕ ಹೀರಿರುತ್ತದೆ. ಕಾಗದಕ್ಕೆ ಹತ್ತುವ ಜಿಡ್ಡಿನಲ್ಲೇ ಅದು ಗೊತ್ತಾಗುತ್ತದೆ. ಮೆಲ್ಟನ್ ಮೋಬ್ರೆಯ ನಿಯಮದಲ್ಲೂ, ನನ್ನ ನಿಯಮದಲ್ಲೂ ದಿಲ್‌ಪಸಂದ್ ಪೂರಾ ಪೈ. ಇದನ್ನು ಅಗ್ಗದ ಬೇಕರಿ ತಿಂಡಿ ಎಂದು ಪಕ್ಕಕ್ಕಿಟ್ಟು, ಮಾಲ್‌ಗಳಲ್ಲಿ ತಣ್ಣಗಿನ ಬಿಸ್ಕತ್ ಪುಡಿಯ ತಳದ ಮೇಲೆ ಕ್ರೀಮ್ ಹಾಕಿದ್ದನ್ನು ದುಬಾರಿ ಬೆಲೆಗೆ ಪೈ ಎಂದು ಕೊಳ್ಳುವುದು ಸರಿಯಲ್ಲ.

ಹಾಗಾದರೆ ಹೋಳಿಗೆ? ಕರ್ಜಿಕಾಯಿ? ಕಣಕ, ಹೂರಣ ಎರಡೂ ಇವೆಯಲ್ಲ? ಇವೆ, ಆದರೆ ಕೆಲಸ ಬೇರೆ. ಹೋಳಿಗೆಯ ಹೂರಣ ಬೇಳೆ ಬೆಂದು, ಬೆಲ್ಲ ಕೂಡಿ, ರುಬ್ಬಿ, ಪೂರ್ತಿ ತಯಾರಾಗಿಯೇ ಕಣಕದೊಳಗೆ ಹೋಗುತ್ತದೆ. ಹೂರಣ ನೀರಾದರೆ ತಟ್ಟುವಾಗಲೇ ಹೋಳಿಗೆ ಹರಿಯುತ್ತದೆ. ರಸ ಹರಿಯದಿರುವುದೇ ಅಲ್ಲಿನ ಜಾಣ್ಮೆ. ಕರ್ಜಿಕಾಯಿಯದು ಇನ್ನೂ ಒಣ ಹೂರಣ, ಹೊದಿಕೆ ದಿನಗಟ್ಟಲೆ ಗರಿಯಾಗಿರಲಿ ಎಂದೇ ಹಾಗೆ ಮಾಡುವುದು. ಅಮೆರಿಕದ ದಕ್ಷಿಣ ರಾಜ್ಯಗಳ ಕರಿದ ಪೈಯಲ್ಲಿ ಹಣ್ಣಿನ ಹೂರಣ ಒದ್ದೆ, ಕರಿಯುವಾಗ ಹೊದಿಕೆಯ ಒಳಮೈಗೆ ಇಳಿಯುತ್ತದೆ, ಹಾಗಾಗಿ ಅದನ್ನು ಪೈ ಎಂದು ಒಪ್ಪುತ್ತೇನೆ. ಹೋಳಿಗೆಯನ್ನು ಪೈ ಎಂದು ಕರೆದು ದೊಡ್ಡಸ್ತಿಕೆ ತಂದುಕೊಡುವ ಅಗತ್ಯವಿಲ್ಲ. ಅದಕ್ಕೆ ಅದರದೇ ಆದ ಶಾಸ್ತ್ರವಿದೆ.

ಯಾರು ಏನೆಂದು ಕರೆದರೇನು, ರುಚಿಯಾಗಿದ್ದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಆಕಾರ ನೋಡಿ ಹೆಸರು ಕೊಟ್ಟರೆ ಆಕಾರವನ್ನಷ್ಟೇ ಮಾಡಿಕೊಡುವವರು ಗೆಲ್ಲುತ್ತಾರೆ. ಕಾರ್ಖಾನೆಯೊಂದು ಎಲ್ಲ ಕಡೆ ದಪ್ಪ ಹೊದಿಕೆ ಹಾಕಿ, ಒಳಗೆ ಎರಡು ಚಮಚ ಗ್ರೇವಿ ತುಂಬಿ ಮಾರಿದರೆ ಅದು ‘ಅಸಲಿ’ ಎನಿಸಿಕೊಳ್ಳುತ್ತದೆ; ಬೀಟನ್ ಹೇಳಿದಂತೆ ಒಲೆ ಕಾದು ಮಾಡಿದ್ದು ‘ನಕಲಿ’ ಆಗುತ್ತದೆ. ಹೋಟೆಲಿನವರಿಗೆ ಬೆಳಿಗ್ಗೆಯೇ ಬಿಲ್ಲೆ ಬೇಯಿಸಿಡುವುದು ಅನುಕೂಲ ಎಂಬುದು ನನಗೂ ಗೊತ್ತು. ಪೈಗೆ ಮುಕ್ಕಾಲು ಗಂಟೆ ಬೇಕು, ಗಿರಾಕಿಗೆ ಅಷ್ಟು ತಾಳ್ಮೆ ಇಲ್ಲ. ಹಾಗಿದ್ದರೆ ಪಟ್ಟಿಯಲ್ಲಿ ಸ್ಟ್ಯೂ ಮತ್ತು ಪಫ್ ಎಂದು ಬರೆಯಲಿ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಡಲಿ.

ತಿನ್ನುವವರಲ್ಲಿ ನನ್ನದು ಒಂದೇ ಕೋರಿಕೆ. ಇನ್ನೊಮ್ಮೆ ಎಲ್ಲಾದರೂ ಪೈ ತರಿಸಿಕೊಂಡಾಗ ತಳ ಇದೆಯೇ ಎಂದು ಹುಡುಕಬೇಡಿ. ಹೊದಿಕೆಯ ಒಂದು ಚೂರು ಮುರಿದು ಅದರ ಒಳಮೈ ನೋಡಿ. ಹೂರಣದ ರಸ ಅಲ್ಲಿಗೆ ಇಳಿದಿದ್ದರೆ ಮಾಡಿದವರನ್ನು ಕರೆದು ಚೆನ್ನಾಗಿದೆ ಎಂದು ಹೇಳಿ. ಒಣಗಿದ್ದರೆ, ಇದು ಪೈ ಅಲ್ಲ ಎಂದು ಹೇಳಿ ವಾಪಸು ಕಳಿಸಿ.